ಉಣುಗು ಕಚ್ಚಿದ ಜಾಗ ಊದಲಿಲ್ಲ

ಸಭೆಯ ಹಿರಿಯರಿಗೂ ಸಹೋದ್ಯೋಗಿಗಳಿಗೂ ನಮಸ್ಕಾರ.

ನಿರ್ಣಯಕ್ಕೆ ಮುನ್ನ ಈ ಪತ್ರ ಓದಿಸಲು ಒಪ್ಪಿದ ಹಿರಿಯರಿಗೆ ಕೃತಜ್ಞನಾಗಿದ್ದೇನೆ. ನನ್ನ ವಿದ್ಯಾರ್ಥಿನಿ ಸುಳ್ಳು ಫಲಿತಾಂಶ ಬರೆದಳೆಂದು ದೂರು ಕೊಟ್ಟವನು ನಾನೇ. ಆ ದೂರನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ.

ರೋಗಾಣು ಹೊತ್ತ ಉಣುಗು ಕಚ್ಚಿದ ಇಲಿಗಳಿಗೆ ಸೋಂಕು ಮೈತುಂಬ ಹರಡಿದರೂ ಕಚ್ಚಿದ ಜಾಗ ಊದಲಿಲ್ಲ, ಕೆಂಪಾಗಲಿಲ್ಲ ಎಂದು ಆಕೆ ದಾಖಲಿಸಿದ್ದಳು. “ಕಥೆ ಕಟ್ಟಬೇಡಮ್ಮ, ಕಂಡದ್ದು ಬರಿ,” ಎಂದೆ.

“ಕಂಡದ್ದೇ ಸಾರ್. ಕಳ್ಳ ಮೊದಲು ನಾಯಿಗೆ ತುತ್ತು ಹಾಕ್ತಾನಲ್ಲ, ಇದರ ಜೊಲ್ಲೂ ಹಾಗೇ. ಮೈಕಾವಲನ್ನ ಮಲಗಿಸಿಬಿಡುತ್ತೆ.”

ನಾನು ನಕ್ಕೆ. ಉಣುಗು ರಕ್ತ ಹೀರಿ ಮುಗಿಸಲು ದಿನಗಟ್ಟಲೆ ಬೇಕು. ಅಷ್ಟು ಕಾಯಲು ಬೇಸರವಾಗಿ, ಅದೇ ರೋಗಾಣುವನ್ನು ಸೂಜಿಯಿಂದ ಚುಚ್ಚಿ ಪರೀಕ್ಷಿಸಿದೆ. ಚರ್ಮ ಊದಿತು, ಆಕೆಯದು ಸುಳ್ಳೆಂದು ತೀರ್ಮಾನಿಸಿದೆ. ಸೂಜಿಗೆ ಜೊಲ್ಲಿಲ್ಲ ಎಂಬುದು ಮೂವತ್ತು ವರ್ಷ ಪಾಠ ಹೇಳಿದವನಿಗೆ ಹೊಳೆಯಲಿಲ್ಲ.

ಈ ತಿಂಗಳು ರೋಗಾಣುವಿಗೆ ಉಣುಗಿನ ಜೊಲ್ಲು ಬೆರೆಸಿ ನಾನೇ ಚುಚ್ಚಿದೆ. ಚರ್ಮ ಸುಮ್ಮನಿತ್ತು, ಸೋಂಕು ಹರಡಿತು. ಮೂರು ಸಲ ಮಾಡಿ ನೋಡಿದೆ. ಬೆನ್ನು ಸೋತಿದೆ, ಕಣ್ಣು ಉರಿಯುತ್ತಿದೆ. ಸಭೆಗೆ ಬಂದು ನಿಂತು ಮಾತನಾಡುವ ಶಕ್ತಿಯಿಲ್ಲ.

ಗುರುವನ್ನು ಮೆಚ್ಚಿಸಲು ಆಕೆ ಒಂದಂಕಿಯನ್ನೂ ತಿದ್ದಲಿಲ್ಲ. ನನ್ನ ಭರವಸೆಯೆಲ್ಲ ಅದರಲ್ಲಿದೆ. ಆಕೆಯನ್ನು ತೆಗೆದುಹಾಕಬೇಡಿ. ಪ್ರಯೋಗಾಲಯದ ಬೀಗದ ಕೈಯನ್ನು ಆಕೆಗೆ ಮರಳಿಸಲು ಅನುಮತಿ ಕೊಡಿ. ಜೊಲ್ಲಿನಲ್ಲಿರುವ ಯಾವ ಅಂಶ ಈ ಕೆಲಸ ಮಾಡುತ್ತದೆಂದು ಹುಡುಕುವುದು ಬಾಕಿಯಿದೆ. ಅದು ಆಕೆಯದೇ ಪ್ರಶ್ನೆ. ಪಂಜರ ತೊಳೆಯಲು ನಾನಿದ್ದೇನೆ. ಸೋಮವಾರ ಬೆಳಿಗ್ಗೆಯೇ ಆಕೆ ಕೆಲಸ ಆರಂಭಿಸಲಿ.

ವಿಧೇಯ,
ಆಕೆಯ ಮಾರ್ಗದರ್ಶಕ