ಜುಲೈ ತಿಂಗಳ ಬೇಸಿಗೆ ರಜೆ

11-4-2001, ಬುಧವಾರ

ನಿನ್ನೆ ಫಲಿತಾಂಶ ಓದಿ ಕೈ ತೊಳೆದುಕೊಂಡೆವು. ಇಂದಿನಿಂದ ಮೇ ಮೂವತ್ತೊಂದರವರೆಗೆ ರಜೆ. ಮಕ್ಕಳು ಬಿಸಿಲನ್ನೂ ಲೆಕ್ಕಿಸದೆ ಓಡಿದರು. ನನಗೆ ಮಾತ್ರ ಈ ರಜೆ ಬೇಡವಾಗಿತ್ತು.

ಬೆಳಿಗ್ಗೆಯೇ ಅಮ್ಮ ಕೇಳಿದರು, ಮೊಳಕಾಲ್ಮೂರಿಗೆ ಹೋಗುವುದಿಲ್ಲವಾ ಎಂದು. ಉತ್ತರವನ್ನು ಇಲ್ಲಿ ಬರೆಯುತ್ತೇನೆ. ಅಮ್ಮನಿಗೆ ಉರ್ದು ಬಿಟ್ಟು ಬೇರೆ ಓದಲು ಬಾರದು. ಉರ್ದು ಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದಕ್ಕೆ ಇಷ್ಟಾದರೂ ಲಾಭ — ಈ ಮನೆಯಲ್ಲಿ ಕನ್ನಡವೇ ನನ್ನ ಬೀಗ.

ತಲಾಖ್ ಆದಾಗ ಹಿರಿಯರು ಬರೆಸಿದ ಕಾಗದ ಟ್ರಂಕಿನಲ್ಲಿದೆ. ಮಗು ಮೆಹಜಬೀನ್ ತಂದೆಯ ಮನೆಯಲ್ಲಿ ಇರತಕ್ಕದ್ದು. ಶಾಲೆಯ ರಜೆಯಲ್ಲಿ ತಾಯಿ ಫರ್ಹತ್ ಬಂದು ಕರೆದುಕೊಂಡು ಹೋಗತಕ್ಕದ್ದು. ಆಗ ನಾನಿನ್ನೂ ಟೀಚರ್ ಆಗಲು ಟಿಸಿಎಚ್ ಓದುತ್ತಿದ್ದೆ, ಸಂಪಾದನೆ ಇರಲಿಲ್ಲ, ಒಪ್ಪಿದೆ. ಮೂರು ಬೇಸಿಗೆ ಸರಿಯಾಗಿ ನಡೆಯಿತು. ಆಮೇಲೆ ಅವಳ ತಂದೆ ಶಕೀಲ್ ಅವಳನ್ನು ಸೌದಿಯ ದಮ್ಮಾಮಿಗೆ ಕರೆದುಕೊಂಡು ಹೋದ. ಅಲ್ಲಿ ಗ್ಯಾರೇಜು, ಹೊಸ ಹೆಂಡತಿ, ಇಂಡಿಯನ್ ಸ್ಕೂಲು. ರಜೆಗೆ ಮೊಳಕಾಲ್ಮೂರಿನ ತನ್ನ ತಂದೆಯ ಮನೆಗೆ ಕಳಿಸುತ್ತೇನೆ ಎಂದಿದ್ದ.

ಹೋದ ವರ್ಷ ರಜೆ ಶುರುವಾದ ಮರುದಿನವೇ ಹೋದೆ. ಹೊಸ ಫ್ರಾಕು, ಡಬ್ಬಿ ತುಂಬ ಕರ್ಜಿಕಾಯಿ. ಶಕೀಲನ ತಂದೆ ಬಾಬಾ ಜಾನ್ ಮಾಮು ಬಾಗಿಲಲ್ಲೇ ಹೇಳಿದರು, ಹುಡುಗಿ ಬಂದಿಲ್ಲ. ನೀರೂ ಮುಟ್ಟದೆ ತಿರುಗಿದೆ. ಹಿಂದಿನಿಂದ ಏನೋ ಕೂಗಿದರು. ನಿಲ್ಲಲಿಲ್ಲ.

ಈ ಸಲ ಹೋಗುವುದಿಲ್ಲ. ಇನ್ನು ಮೊಳಕಾಲ್ಮೂರಿಗೆ ಕಾಲಿಡುವುದಿಲ್ಲ. ಬರೆದಿದ್ದೇನೆ, ನನಗೇ ನೆನಪಿರಲಿ ಎಂದು.

29-4-2001, ಭಾನುವಾರ

ಗೋಡೆಗೆ ಸುಣ್ಣ ಹೊಡೆಸಿದೆ. ಯಾರಿಗೆ? ಗೊತ್ತಿಲ್ಲ.

ಎಸ್‌ಟಿಡಿ ಬೂತಿನವರೆಗೆ ಹೋಗಿ ಬಂದೆ. ದಮ್ಮಾಮಿನ ನಂಬರು ಚೀಟಿಯಲ್ಲಿತ್ತು. ಅವನ ಹೆಂಡತಿ ಎತ್ತಿದರೆ ನಾನು ಯಾರೆಂದು ಹೇಳಲಿ... ಚೀಟಿ ಮಡಿಸಿ ಪರ್ಸಿಗೆ ಹಾಕಿಕೊಂಡೆ.

31-5-2001

ಐವತ್ತೊಂದು ದಿನ. ಯಾರೂ ಬರಲಿಲ್ಲ, ನಾನೂ ಹೋಗಲಿಲ್ಲ. ಆ ದೇಶದಲ್ಲಿ ಮಕ್ಕಳಿಗೆ ರಜೆಯನ್ನೇ ಕೊಡುವುದಿಲ್ಲವೋ? ಅಥವಾ ಅವಳಿಗೇ ಬರಲು ಇಷ್ಟವಿಲ್ಲವೋ? ಎರಡನೆಯದನ್ನು ಬರೆಯಬಾರದಿತ್ತು. ನಾಳೆಯಿಂದ ಶಾಲೆ.

5-7-2001, ಗುರುವಾರ

ತಲೆ ಕೆಟ್ಟು ಹೋಗಿದೆ. ಗಣಿತದ ನಾಗರತ್ನ ತಂಗಿಯ ಮದುವೆ ಸೀರೆಗೆಂದು ಮೊಳಕಾಲ್ಮೂರಿಗೆ ಹೋಗಿದ್ದಳು. ಸ್ಟಾಫ್ ರೂಮಿನಲ್ಲಿ ಹತ್ತಿರ ಬಂದು ಹೇಳಿದಳು: “ಮಿಸ್, ನಿಮ್ ಮಗಳು ಅಲ್ಲೇ ಅವ್ಳೆ ಕಣ್ರೀ. ನಿಮ್ ಮಾವನ ಸೀರೆ ಅಂಗ್ಡಿ ಕಟ್ಟೆ ಮ್ಯಾಲೆ ಕುಂತಿದ್ಲು.”

“ಜುಲೈನಲ್ಲಾ? ಬೇರೆ ಯಾರೋ ಇರ್ಬೇಕು.”

“ಎರಡು ಬ್ಯಾಸಿಗೆ ನಿಮ್ ಮನೇಲಿ ನೋಡಿಲ್ವಾ ನಾನು? ಅದೇ ಮೂಗು. ಬಸ್‌ಸ್ಟ್ಯಾಂಡ್ ಕಡೇನೇ ನೋಡ್ತಾ ಐತೆ ಕೂಸು.”

ಜುಲೈನಲ್ಲಿ ಯಾವ ಶಾಲೆ ಬಾಗಿಲು ಹಾಕುತ್ತದೆ? ನಾಪಾಸಾದಳೇ? ಶಾಲೆ ಬಿಡಿಸಿದರೇ? ಮಲತಾಯಿ ಸಾಕು ಎಂದಳೇ? ಏಳನೇ ತರಗತಿಗೆ ಹೋಗಿ ಆರನೆಯ ತರಗತಿಯ ಪಾಠ ಶುರು ಮಾಡಿದೆ. ಮಕ್ಕಳು ನಕ್ಕರು. ಬೈದೆ. ಪಾಪ, ಅವರದೇನು ತಪ್ಪು.

8-7-2001, ಭಾನುವಾರ

ಕಾಲಿಟ್ಟೆ. ಮಾತು ಮುರಿದೆ.

ಕಟ್ಟೆಯ ಮೇಲೆಯೇ ಕುಳಿತಿದ್ದಳು. ಎರಡು ವರ್ಷದ ಹಿಂದೆ ಅಲ್ಲಿ ಕುಳಿತರೆ ಕಾಲು ನೆಲ ಮುಟ್ಟುತ್ತಿರಲಿಲ್ಲ, ಈಗ ಮುಟ್ಟುತ್ತದೆ. ನನ್ನನ್ನು ನೋಡಿ ಎದ್ದಳು, ಓಡಿ ಬರಲಿಲ್ಲ.

“ಹೋದ ವರ್ಷ ಯಾಕೆ ಬರ್ಲಿಲ್ಲ?” ಕೇಳಿದ ಮೊದಲ ಮಾತು ಇದೇ.

“ಬಂದಿದ್ದೆ ಮಗಾ, ಏಪ್ರಿಲ್‌ನಲ್ಲಿ.”

“ಏಪ್ರಿಲ್‌ನಲ್ಲಿ ಹೊಸ ಕ್ಲಾಸ್ ಶುರುವಾಗೋದು. ರಜಾ ಜುಲೈ, ಆಗಸ್ಟ್. ಎಲ್ಲಾರ್ಗೂ ಗೊತ್ತು.”

ಎಲ್ಲರಿಗೂ ಗೊತ್ತು. ಹೆತ್ತವಳಿಗೆ, ಅದೂ ಟೀಚರಿಗೆ, ಗೊತ್ತಿಲ್ಲ.

ಮಾಮು ನೀರು ತಂದುಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಕಾದರು. “ಅಲ್ಲಿ ಈಗ ಬೆಂಕಿ ಬಿಸಿಲಂತೆ ಬೇಟಿ, ಅದಕ್ಕೆ ಈಗ ರಜಾ. ಅವತ್ತು ಅದನ್ನೇ ಹೇಳೋಕೆ ಕೂಗಿದ್ದು. ನೀನು ತಿರುಗಿ ನೋಡ್ಲಿಲ್ಲ.”

“ಜುಲೈನಲ್ಲಿ ಒಂದು ಮಾತು ಹೇಳಿ ಕಳಿಸಬಹುದಿತ್ತಲ್ಲ, ಮಾಮು?”

“ಕಳಿಸಬಹುದಿತ್ತು. ನಂಗೂ ಸಿಟ್ಟಿತ್ತು. ಬಾಗಿಲಿಗೆ ಬಂದೋಳು ನೀರೂ ಮುಟ್ಟದೆ ಹೋದ್ಯಲ್ಲ.” ಖಾಲಿ ಲೋಟ ತೆಗೆದುಕೊಂಡು, “ಹೋದ ವರ್ಷ ನಲವತ್ತು ದಿನ ಇದೇ ಕಟ್ಟೆ ಮ್ಯಾಲೆ ಕೂತ್ಲು. ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತಾನೇ ಹೇಳ್ದೆ” ಎಂದರು.

ನಾನು ಏಪ್ರಿಲ್‌ನಲ್ಲಿ ಕಾದೆ. ಅವಳು ಜುಲೈನಲ್ಲಿ ಕಾದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ — ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ನಾನೇ ಬರೆಯುವ ಗಾದೆ. ಅವಳನ್ನು ಕರೆದುಕೊಂಡು ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು.

10-7-2001

ಈ ವರ್ಷದ ನನ್ನ ಸಿ.ಎಲ್. ರಜೆ ಮೂರೇ ದಿನ ಉಳಿದಿದೆ. ಅವಳ ರಜೆ ಆಗಸ್ಟ್ ಮುಗಿಯುವವರೆಗೆ. ಹೆಡ್ಮಾಸ್ಟರು, “ಮನೇಲಿ ಒಂದೇ ಕೂಸು ಏನ್ ಮಾಡ್ತೈತೆ ಮೇಡಂ, ಕರ್ಕೊಂಡ್ ಬಂದು ನಾಲ್ಕನೇ ಕ್ಲಾಸಲ್ಲಿ ಕೂರಿಸ್ರಿ” ಎಂದರು. ಕೂರಿಸಿದೆ. ರಜೆಯಲ್ಲೂ ಸ್ಕೂಲಾ ಎಂದು ನನ್ನನ್ನೇ ದಿಟ್ಟಿಸಿದಳು.

ಉಳಿದ ಮಕ್ಕಳಂತೆ ಅವಳೂ ನನ್ನನ್ನು ಟೀಚರ್ ಎಂದಳು. ಮನೆಗೆ ಬಂದ ಮೇಲೂ ಟೀಚರ್. ಅವಳು ‘ಮಮ್ಮಿ’ ಎನ್ನುವವಳು ದಮ್ಮಾಮಿನಲ್ಲಿದ್ದಾಳೆ. ಚಿಕ್ಕವಳಿದ್ದಾಗ ನನ್ನನ್ನು ಅಮ್ಮಿ ಎನ್ನುತ್ತಿದ್ದಳು. ನೆನಪಿದೆಯೋ ಇಲ್ಲವೋ, ಕೇಳಲು ಧೈರ್ಯವಿಲ್ಲ.

15-7-2001, ಭಾನುವಾರ

ಮೊನ್ನೆ ಶುಕ್ರವಾರ ಏಳಲೇ ಇಲ್ಲ. ಅಲ್ಲಿ ಗುರುವಾರ, ಶುಕ್ರವಾರ ವಾರದ ರಜೆಯಂತೆ. ಇಂದು ಭಾನುವಾರ ಆರಕ್ಕೇ ಎದ್ದು ಜಡೆ ಹಾಕಿಸಿಕೊಂಡು ಚೀಲದೊಂದಿಗೆ ಬಾಗಿಲಲ್ಲಿ ನಿಂತಳು. ಇವತ್ತು ಶಾಲೆ ಇಲ್ಲ ಎಂದರೆ ಅಮ್ಮನಿಗೂ ನನಗೂ ಸೇರಿಸಿ ಹೇಳಿದಳು, “ನಿಮ್ ಊರಲ್ಲಿ ಎಲ್ಲಾ ಉಲ್ಟಾ.”

ಅಮ್ಮ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಿಜಕ್ಕೂ ವಾರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ನನಗೂ ಈಗ ಗೊಂದಲ.

4-8-2001

ಕನ್ನಡ ಅಕ್ಷರ ಎಲ್ಲ ಬಂತು. ಒತ್ತಕ್ಷರದಲ್ಲಿ ಎಡವುತ್ತಾಳೆ. ಬಸ್ಸಿನ ಬೋರ್ಡು ಓದುವುದೇ ಆಟ. “ಚ... ಳ್ಳ... ಕೆ... ರೆ.” ಮೊಳಕಾಲ್ಮೂರು ಓದಲು ಹೋಗಿ ನಡುವೆ ಸಿಕ್ಕಿಹಾಕಿಕೊಂಡಳು. ಸರಿಪಡಿಸಲಿಲ್ಲ. ಆ ಊರು ಓದದಿದ್ದರೆ ಅಲ್ಲಿಗೆ ವಾಪಸ್ ಹೋಗುವುದಿಲ್ಲವೇನೋ ಎಂಬ ಹುಚ್ಚು.

26-8-2001

ಹೋದಳು. ಮಾಮು ಬಂದು ಕರೆದುಕೊಂಡು ಹೋದರು. ಬಸ್ ಹತ್ತುವಾಗ ಕೈ ಬೀಸಿ, “ಬರ್ತೀನಿ ಟೀಚರ್.”

11-4-2002

ರಜೆ ಶುರು. ಸುಣ್ಣ ಹೊಡೆಸಲಿಲ್ಲ. ಇದು ಅವಳ ರಜೆಯಲ್ಲ. ಈಗ ಅವಳು ಐದನೇ ತರಗತಿಯ ಹೊಸ ಪುಸ್ತಕಕ್ಕೆ ಬೈಂಡ್ ಹಾಕುತ್ತಿರಬಹುದು. ಜನವರಿಯಿಂದ ಒಂದೂ ಸಿ.ಎಲ್. ಹಾಕಿಲ್ಲ. ಫೆಬ್ರವರಿಯಲ್ಲಿ ಜ್ವರದಲ್ಲೂ ಹೋದೆ. ಹದಿನೈದಕ್ಕೆ ಹದಿನೈದೂ ಇವೆ.

5-7-2002, ಶುಕ್ರವಾರ

ಸೋಮವಾರದಿಂದ ಏಳು ದಿನ ರಜೆ ಕೇಳಿ ಅರ್ಜಿ ಕೊಟ್ಟೆ. ಕಾರಣ: ಬೇಸಿಗೆ ರಜೆ. ಹೆಡ್ಮಾಸ್ಟರು ಕನ್ನಡಕ ತೆಗೆದು ನೋಡಿದರು. ಹೊರಗೆ ತುಂತುರು ಮಳೆ.

“ಇದ್ಯಾವ ಬ್ಯಾಸಿಗೆ ಮೇಡಂ?”

“ದಮ್ಮಾಮಿಂದು ಸರ್.”

ಕಾರಣ ಹೊಡೆದು ‘ಸ್ವಂತ ಕೆಲಸ’ ಎಂದು ಬರೆದು ಸಹಿ ಮಾಡಿದರು. ಬರೆಯಲಿ.

7-7-2002, ಭಾನುವಾರ, ಸಂಜೆ

ಮೊದಲ ಬಸ್ಸಿಗೇ ಹೋಗಿ ಕರೆತಂದೆ. ಈ ಸಲ ಕಟ್ಟೆಯ ಮೇಲಿರಲಿಲ್ಲ. ಬಸ್‌ಸ್ಟ್ಯಾಂಡಿಗೇ ಬಂದು ನಿಂತಿದ್ದಳು, ಮಾಮು ಅವಳ ಹಿಂದೆ. ದಾರಿಯುದ್ದಕ್ಕೂ ಅಂಗಡಿ ಬೋರ್ಡು ಓದಿದಳು. ಒಂದೂ ಮರೆತಿಲ್ಲ.

ಇದು ಹೊಸ ನೋಟ್‌ಬುಕ್ಕು. ಹಳೆಯದು ಟ್ರಂಕಿನ ಮೇಲೆಯೇ ಇತ್ತು, ಎತ್ತಿಡಲು ಮರೆತೆ. ಈ ಮನೆಯಲ್ಲಿ ಕನ್ನಡ ಯಾರಿಗೆ ಬರುತ್ತದೆ ಎಂಬ ಹಳೇ ಧೈರ್ಯ. ಬರೆಯುತ್ತಾ ಕುಳಿತಿದ್ದೆ, ಬೆನ್ನ ಹಿಂದೆ ಅಕ್ಷರ ಕೂಡಿಸುವ ದನಿ. “ಇ... ನ್ನು. ಮೊ... ಳ... ಕಾ... ಲ್ಮೂ... ರಿ... ಗೆ.” ಎಲ್ಲಿಯೂ ಸಿಕ್ಕಿಹಾಕಿಕೊಳ್ಳಲಿಲ್ಲ.

ಕಸಿದುಕೊಳ್ಳಬೇಕೆನಿಸಿತು. ಕೈ ಬರಲಿಲ್ಲ. ಆ ಸಾಲು ಪೂರ್ತಿ ಓದಿದಳು. ಬೆರಳು ಅಲ್ಲೇ ಇಟ್ಟುಕೊಂಡು ಕೇಳಿದಳು.

“ಅಮ್ಮಿ, ಕಾಲಿಡುವುದಿಲ್ಲ ಅಂದ್ರೆ ಏನು?”

ಅಮ್ಮಿ ಎಂದಳು. ಈ ಸಾಲಿನ ಮೇಲೆ ಬೆರಳಿಟ್ಟೇ ಅನ್ನಬೇಕಿತ್ತೇ. ಅರ್ಥ ಹೇಳಲೇ, ಪುಟ ತಿರುವಲೇ... ಮುಂದೆ ಓದು ಎಂದಿದ್ದೇನೆ. ಓದುತ್ತಿದ್ದಾಳೆ. ಏಪ್ರಿಲ್ ಮುಗಿಸಿ, ಮೇ ಮುಗಿಸಿ, ಜುಲೈ ಎಂಟರ ಪುಟದ ‘ಕಾಲಿಟ್ಟೆ’ ಎಂಬ ಮಾತಿಗೆ ಬರುವವರೆಗೆ ನಾನು ಪಕ್ಕದಲ್ಲೇ ಕುಳಿತಿರುತ್ತೇನೆ.