ಯಜಮಾನರ ಎದೆ ಹೇಳಿದ್ದು

ಜುಲೈ ೯, ಬುಧವಾರ. ಕಂಪ್ಲಿ.

ಭಾನುವಾರದಿಂದ ಕಾಡುತ್ತಿದ್ದ ಭಯ ಇವತ್ತು ಸಂಜೆ ಇಳಿಯಿತು. ಅವತ್ತು ಹೊಸಪೇಟೆ ಆಸ್ಪತ್ರೆಯ ನರ್ಸ್ ಸ್ನೇಹಾ ಫೋನ್ ಮಾಡಿದ್ದಳು. “ಅಮ್ಮಾರ, ಯಜಮಾನ್ರ ಎದಿಯಾಗಿನ ಮಷಿನ್ ಪುಪ್ಪುಸದಾಗ ನೀರು ತುಂಬಾಕ ಹತ್ತೈತಿ ಅಂತ ಇಲ್ಲಿ ತೋರಸ್ತೈತ್ರಿ. ನೀರು ಇಳಿಸೋ ಗುಳಿಗಿ ದಿನಾ ಇನ್ನೊಂದು ಕೊಡ್ರಿ ಅಂದಾರ ಡಾಕ್ಟ್ರು.”

ಇವರು ಒಪ್ಪಲಿಲ್ಲ. “ನನಗೇನಾಗೇತಿ? ಮಸ್ತ್ ಅದೀನಿ.”

ಹೋದ ವರ್ಷವೂ ಹೀಗೆಯೇ ಹೇಳುತ್ತಾ ಎಮ್ಮಿಗನೂರಿನ ಗದ್ದೆಯಲ್ಲಿ ಉಸಿರು ಸಿಗದೆ ಬಿದ್ದಿದ್ದರು. ಆಮೇಲೆಯೇ ಎದೆಯೊಳಗೆ ಈ ಮಷಿನ್ ಕೂರಿಸಿದ್ದು; ಮನೆಯಲ್ಲಿದ್ದರೂ ಎದೆಯ ಸುದ್ದಿಯನ್ನು ತಾನೇ ಆಸ್ಪತ್ರೆಗೆ ಕಳಿಸುತ್ತದೆ. ಈ ಸಲ ನಾನು ಗುಳಿಗೆ ಹಿಡಿದು ಎದುರಿಗೇ ನಿಂತೆ. “ನಿಮ್ಮ ಮಾತು ಬ್ಯಾಡ್ರಿ, ನಿಮ್ಮ ಎದಿ ಏನಂತೈತಿ ಕೇಳ್ರಿ” ಎಂದೆ. ಮುಖ ಗಂಟಿಕ್ಕಿಕೊಂಡೇ ನುಂಗಿದರು.

ಇವತ್ತು ಸ್ನೇಹಾ ಮತ್ತೆ ಫೋನ್ ಮಾಡಿದಳು. “ನೀರು ಇಳದೈತ್ರಿ. ಇಲ್ಲಿಗೆ ಬರಾದು ಬ್ಯಾಡ.” ಆಸ್ಪತ್ರೆಗೆಂದು ಕಟ್ಟಿಟ್ಟಿದ್ದ ಚೀಲ ಬಿಚ್ಚುತ್ತಾ ಅತ್ತುಬಿಟ್ಟೆ.

ಇವರು ಬಂದು ಪಕ್ಕದಲ್ಲಿ ಕುಳಿತರು. “ಶೈಲಾ, ಶನಿವಾರ ಮೆಟ್ಲು ಹತ್ತುವಾಗ ತೇಕು ಬಂದಿತ್ತು. ನಿನಗ ಹೇಳ್ಲಿಲ್ಲ.”

ಮದುವೆಯಾದಾಗಿನಿಂದ ತಾವಾಗಿಯೇ ಒಂದು ನೋವು ಹೇಳಿಕೊಂಡದ್ದು ಇದೇ ಮೊದಲು. ಬೈಯಬೇಕೆನಿಸಲಿಲ್ಲ. ಕೈ ಹಿಡಿದುಕೊಂಡೆ, ಅಷ್ಟೆ.

ಈಗ, ಉಸಿರಾಟಕ್ಕೆಂದು ದಿಂಬಿನ ಮೇಲೆ ದಿಂಬು ಪೇರಿಸದೆ, ಒಂದೇ ದಿಂಬಿನ ಮೇಲೆ ನಿದ್ದೆ ಹೋಗಿದ್ದಾರೆ. ಇವರ ಉಸಿರು ಕಾಯುತ್ತಾ ಕೂರುವ ಕೆಲಸ ಇವತ್ತು ನನಗಿಲ್ಲ. ಕಣ್ಣು ಎಳೆಯುತ್ತಿದೆ, ನಾಳೆ ಎದ್ದ ಕೂಡಲೇ ಸ್ನೇಹಾಗೆ ಫೋನ್ ಮಾಡಿ ಶನಿವಾರದ ತೇಕಿನ ವಿಷಯ ಹೇಳಬೇ…