ವಯಸ್ಸೇ ಆಗದ ಕ್ಯಾಚರ್

ನವೆಂಬರ್ ೧೪, ಶನಿವಾರ ರಾತ್ರಿ

ಅಕ್ಕಾ,

ಹೇಗಿದ್ದೀಯ? ಬೈಬೇಡ, ತಡ ಆಯ್ತು. ಕೈ ಸೋತಿದೆ, ಅದಕ್ಕೇ ಬಾಯಲ್ಲಿ ಹೇಳ್ತಿದ್ದೀನಿ, ಫೋನೇ ಬರ್ಕೊಳ್ತಿದೆ. ಆಸ್ಪತ್ರೆ ಲಾಂಡ್ರಿಯಲ್ಲಿ ಈ ವಾರ ಒಂದು ಮೆಷಿನ್ ಕೆಟ್ಟು, ಹಾಸಿಗೆ ಬಟ್ಟೆ ಬೆಟ್ಟದಷ್ಟು ಬಿದ್ದಿತ್ತು.

ನಗಬೇಡ, ನಿನ್ನಿಂದ ರೂಮಲ್ಲಿ ದೊಡ್ಡ ಪಂಚಾಯ್ತಿ ಆಯ್ತು. ನಾವು ನಾಲ್ಕು ಜನ ಕಂಪ್ಯೂಟರಲ್ಲಿ ಬೇಸ್‌ಬಾಲ್ ಆಡ್ತೀವಿ ಅಂದಿದ್ನಲ್ಲ, ಒಬ್ಬೊಬ್ಬರಿಗೆ ಒಂದೊಂದು ತಂಡ. ಆಡೋದು ಕಂಪ್ಯೂಟರೇ, ನಮ್ಮದು ಬರೀ ಯಜಮಾನಿಕೆ. ತಿಂಗಳಿಗೊಂದು ಸೀಸನ್ ಮುಗಿಯುತ್ತೆ, ಆಟಗಾರರಿಗೆಲ್ಲ ಒಂದು ವರ್ಷ ವಯಸ್ಸಾಗುತ್ತೆ. ಮೂವತ್ತು ದಾಟಿದ್ರೆ ಮೊದಲು ಓಟ ಹೋಗುತ್ತೆ, ಆಮೇಲೆ ತೋಳಿನ ಬಲ. ಬ್ಯಾಟ್ ಹಿಡಿದೋರ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯೋ ಕ್ಯಾಚರಿಗಂತೂ ಕೂತು ಎದ್ದು ಕೂತು ಎದ್ದು ಕಾಲು ಬೇಗ ಬೀಳುತ್ತೆ. ನನ್ನ ತಂಡದ ಕ್ಯಾಚರ್ ನೀನೇ, ನಿನ್ನ ಹೆಸರಲ್ಲಿ ನಾನೇ ಮಾಡಿಟ್ಟ ಆಟಗಾರ್ತಿ. ಶಾಲೆ ಮೈದಾನದಲ್ಲಿ ಹುಡುಗೀರಿಗೆ ಸಾಫ್ಟ್‌ಬಾಲ್ ಹೇಳ್ಕೊಡ್ತೀಯಲ್ಲ, ಅದೇ ಸೀಟಿ ಊದೋ ಟೀಚರ್. ನಾನು ಮನೆ ಬಿಟ್ಟಾಗ ನಿನಗೆಷ್ಟಿತ್ತೋ ಅಷ್ಟೇ ವಯಸ್ಸು ಹಾಕಿದ್ದೆ.

ಪ್ರತಿ ಸೀಸನ್ ಮುಗಿದಾಗ ಯಾರಿಗೂ ಕಾಣದ ಹಾಗೆ ಮತ್ತೆ ಇಪ್ಪತ್ತೆಂಟಕ್ಕೆ ತಿರುಗಿಸ್ತಿದ್ದೆ.

ಸಿಕ್ಕಿಬಿದ್ದೆ. ಡ್ರೈವರ್ ಉದ್ದಣ್ಣ ಪರದೆಗೆ ಮೂಗು ತಾಗಿಸ್ಕೊಂಡು, "ಏನಯ್ಯ, ನಮ್ಮವರೆಲ್ಲ ಮುದುಕರಾಗಿ ಮೂಲೆ ಸೇರಿದ್ರು. ನಿಮ್ಮಕ್ಕ ಯಾವ ಎಣ್ಣೆ ಹಚ್ಕೊಳ್ತಾರೆ?" ಅಂದ. ರೂಮಿಗೆ ಹಿರಿಯರು ನಮ್ಮ ಇಸ್ತ್ರಿ ಮೇಸ್ತ್ರಿ, ಅವರು ತೀರ್ಪು ಕೊಟ್ರು: ನಿಜವಾದ ವಯಸ್ಸು ಹಾಕು, ಇಲ್ಲಾಂದ್ರೆ ಲೀಗ್ ಬಿಡು. ಎರಡು ದಿನ ಮುಖ ಊದಿಸ್ಕೊಂಡಿದ್ದೆ. ಬಿಟ್ಬಿಡೋಣ ಅಂತಾನೂ ಅನ್ನಿಸ್ತು.

ಕೊನೆಗೆ ಹಾಕ್ದೆ ಅಕ್ಕ, ಮೂವತ್ತೆಂಟು. ಓಟ ಅರ್ಧಕ್ಕೆ ಇಳೀತು, ತೋಳೂ ಇಳೀತು. ನೋಡೋಕಾಗದೆ ಹೋಗಿ ಪಾತ್ರೆ ತೊಳೀತಾ ನಿಂತೆ. ಮೇಸ್ತ್ರಿ ಹಿಂದೇನೇ ಬಂದ್ರು. "ಇಳಿದಿದ್ದು ಮಾತ್ರ ನೋಡ್ತೀಯಲ್ಲೋ. ಯಾವ ಚೆಂಡು ಹೊಡೀಬೇಕು, ಯಾವುದು ಬಿಡಬೇಕು ಅನ್ನೋ ಕಣ್ಣು ಏರಿದೆ, ನೋಡ್ದಾ? ಕೂತು ಏಳೋ ಕೆಲಸ ಬಿಡಿಸು. ಮೊದಲನೇ ಬೇಸಲ್ಲಿ ನಿಲ್ಲಿಸು, ಅಲ್ಲಿ ನಿಂತೇ ಚೆಂಡು ಹಿಡಿಯೋದು."

ನಿಲ್ಲಿಸ್ದೆ. ಮೊನ್ನೆ ಉದ್ದಣ್ಣನ ತಂಡದ ಮೇಲೆ ಸಮಸಮ ನಿಂತ ಪಂದ್ಯ, ನಮ್ಮ ಕೊನೇ ಸರದಿ, ಮೂರು ಬೇಸಲ್ಲೂ ನಮ್ಮವರು, ಬ್ಯಾಟು ನಿನ್ನ ಕೈಲಿ. ನಾಲ್ಕು ಕೆಟ್ಟ ಚೆಂಡು ಹೊಡೀದೆ ಬಿಟ್ರೆ ಸುಮ್ನೆ ನಡ್ಕೊಂಡು ಬೇಸಿಗೆ ಹೋಗ್ಬಹುದು, ಮುಂದಿರೋರೆಲ್ಲ ಒಂದೊಂದು ಬೇಸ್ ಮುಂದೆ ಹೋಗ್ತಾರೆ, ಮೂರನೇ ಬೇಸಲ್ಲಿರೋರು ಸುತ್ತು ಮುಗಿಸಿ ಒಂದು ರನ್ ತರ್ತಾರೆ. ನೀನು ನಾಲ್ಕೂ ಬಿಟ್ಟೆ. ಬ್ಯಾಟೇ ಬೀಸದೆ ಗೆಲ್ಲಿಸ್ದೆ. ಇಂಥ ಹೆಂಗಸಿನ ಕೈಲಿ ಪಾಠ ಕಲಿಯೋ ಮಕ್ಕಳ ಗತಿ ಏನು ಅಂತ ಉದ್ದಣ್ಣ ಇನ್ನೂ ಗೊಣಗ್ತಿದ್ದಾನೆ.

ಪುಟ್ಟಿಗೆ ಮುತ್ತು ಕೊಡು. ಭಾವನ್ನ ಕೇಳ್ದೆ ಅನ್ನು. ಚಿಕ್ಕವರು ದೊಡ್ಡವರನ್ನ ಹರಸಬಾರದು ಅಂತಾರೆ, ಆದ್ರೂ ನೀನು ತಣ್ಣಗಿರು.

ನಿನ್ನ
ಮರಿ

ಮರೆತಿದ್ದ ಮಾತು: ಮರೆತಿದ್ದೆ ಅನ್ನೋದು ಸುಳ್ಳು. ಇದನ್ನ ಹೇಳೋಕೇ ಫೋನ್ ಎತ್ಕೊಂಡೆ, ಆಟದ ಕಥೇಲಿ ಸುತ್ತಿ ಬಂದೆ. ನಿನ್ನ ಮೊಣಕಾಲಿಗೆ ಆಪರೇಷನ್ ಆಗಿ ಎರಡು ತಿಂಗಳಾಯ್ತಂತೆ. ಭಾವ ನಿನ್ನೆ ಬಾಯಿತಪ್ಪಿ ಅಂದ್ಬಿಟ್ರು. ಯಾಕೆ ಹೇಳ್ಲಿಲ್ಲ ಅಂದಿದ್ದಕ್ಕೆ, "ಮಗು ಹೆದರ್ಕೊಳ್ಳುತ್ತೆ, ಹೇಳ್ಬೇಡಿ ಅಂದಿದ್ಳು" ಅಂದ್ರು. ಆ ಮಗು ದಿನಾ ಆಸ್ಪತ್ರೆಯ ರಕ್ತದ ಬಟ್ಟೆ ಒಗೆಯುತ್ತೆ ಅಕ್ಕ. ಆ ಮಗುಗೆ ಇಪ್ಪತ್ತೇಳಾಯ್ತು. ನಿನ್ನ ವಯಸ್ಸು ನಾನು ಬಿಟ್ಟುಕೊಟ್ಟೆ, ನನ್ನದನ್ನ ನೀನೂ ಬಿಟ್ಟುಕೊಡು. ನಾಳೆ ಫೋನ್ ಮಾಡ್ತೀನಿ. ಎಷ್ಟು ನೋಯುತ್ತೆ ಅಂತ ಮೊದಲು ಹೇಳು, ಊಟ ಆಯ್ತಾ ಅಂತ ಆಮೇಲೆ ಕೇಳು.